ಎರಡು ಹೊಡೆತದ ಎಂಜಿನ್: ಅದರ ಪಾಲನೆ ಮತ್ತು ದುರಸ್ತಿ

ನಿಂತುಹೋದ ಯಂತ್ರವನ್ನು ಬಿಚ್ಚುವುದು ಸುಲಭ. ಅದು ಏಕೆ ನಿಂತಿತೆಂಬುದನ್ನು ಅರಿಯುವುದು ಕಷ್ಟ. ಕಾರಣವನ್ನರಿಯದೆ ಬಿಚ್ಚಿದ ಯಂತ್ರವು ಒಂದು ದೋಷಕ್ಕೆ ಬದಲಾಗಿ ಮೂರು ದೋಷಗಳೊಡನೆ ಮರಳಿ ಜೋಡಣೆಯಾಗುವುದು ಅಪರೂಪವಲ್ಲ. ಈ ಮಾತು ಎಲ್ಲ ಯಂತ್ರಗಳಿಗೂ ಸಲ್ಲುವುದಾದರೂ, ಹಳೆಯ ಎರಡು ಹೊಡೆತದ ಎಂಜಿನ್ನಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅದರ ರಚನೆ ಅತ್ಯಂತ ಸರಳ. ಆದರೆ ಆ ಸರಳತೆಯ ಒಳಮರ್ಮವನ್ನು ತಿಳಿಯದವರಿಗೆ ಅದು ಹಟಮಾರಿ ಯಂತ್ರವಾಗಿ ತೋರುತ್ತದೆ.

ಹಿಮದ ನಾಡುಗಳಲ್ಲಿ ಹಿಮದ ಮೇಲೆ ಓಡುವ ಹಳೆಯ ಬಂಡಿಗಳಿಗೂ, ನಮ್ಮ ನಾಡಿನ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳಿಗೂ, ಸಿಂಧನೂರು ಭಾಗದ ಬತ್ತದ ಗದ್ದೆಗಳಲ್ಲಿ ರೈತರು ಬೆನ್ನಿಗೆ ಕಟ್ಟಿಕೊಳ್ಳುವ ಔಷಧ ಸಿಂಪಡಣೆಯ ಯಂತ್ರಗಳಿಗೂ ಈ ಬಗೆಯ ಎಂಜಿನ್ನೇ ಜೀವಾಳವಾಗಿದ್ದಿತು. ಹಗುರಾದ ಯಂತ್ರದಿಂದ ಹೆಚ್ಚು ಬಲ ದೊರೆಯುವುದೇ ಇದಕ್ಕೆ ಕಾರಣ.

ಮೈಸೂರಿನ ಕೊಡುಗೆ

ಜಾವಾ ಎಂಬುದು ಮೂಲತಃ ಚೆಕೊಸ್ಲೊವಾಕಿಯಾ ದೇಶದ ಹೆಸರು. ಅಲ್ಲಿಯ ಪರವಾನಗಿಯನ್ನು ಪಡೆದು ಐಡಿಯಲ್ ಜಾವಾ ಸಂಸ್ಥೆಯು ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿತು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಬಂಡಿಗಳು ಯೆಜ್ಡಿ ಎಂಬ ಹೆಸರನ್ನು ತಳೆದವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ, 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮರಳಿ ಮಾರುಕಟ್ಟೆಗೆ ಬಂದವಾದರೂ ಆ ಹೊಸ ಬಂಡಿಗಳ ಎಂಜಿನ್ ನಾಲ್ಕು ಹೊಡೆತದ್ದು. ಆದ್ದರಿಂದ ಹಳೆಯ ಬಂಡಿಯುಳ್ಳವರು ಅದರ ಪಾಲನೆಯ ವಿದ್ಯೆಯನ್ನು ತಾವೇ ಉಳಿಸಿಕೊಳ್ಳಬೇಕಾಗಿದೆ.

ಕೆಲಸದ ಕ್ರಮ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಬಾರಿ ಮೇಲೇರಿ ಎರಡು ಬಾರಿ ಕೆಳಗಿಳಿದಾಗ ಒಂದು ಬಾರಿ ಶಕ್ತಿ ಹುಟ್ಟುತ್ತದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಇಳಿತಕ್ಕೂ ಶಕ್ತಿ ಹುಟ್ಟುತ್ತದೆ. ಇಲ್ಲಿ ಏಳುಬೀಳುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ರಂಧ್ರಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ.

ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಒತ್ತಡ ತಗ್ಗಿ, ಕಾರ್ಬ್ಯುರೇಟರಿನಿಂದ ಗಾಳಿ, ಪೆಟ್ರೋಲ್ ಮತ್ತು ಎಣ್ಣೆಯ ಮಿಶ್ರಣವು ಆ ಕೋಣೆಯೊಳಕ್ಕೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣವು ಒತ್ತಲ್ಪಟ್ಟು, ಪಕ್ಕದ ದಾರಿಯಿಂದ ಸಿಲಿಂಡರಿಗೆ ಏರಿ, ಸುಟ್ಟ ಹೊಗೆಯನ್ನು ಹೊರದೂಡುತ್ತದೆ. ಹೀಗೆ ಕ್ರ್ಯಾಂಕ್ ಕೋಣೆಯು ಕೇವಲ ಪೆಟ್ಟಿಗೆಯಲ್ಲ, ಅದೊಂದು ಪಂಪು. ಈ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಂಡವನಿಗೆ ದುರಸ್ತಿಯ ಅರ್ಧ ವಿದ್ಯೆ ಬಂದಂತೆ.

ಎಣ್ಣೆಯ ಲೆಕ್ಕ

ಈ ಎಂಜಿನ್ನಿನ ಕ್ರ್ಯಾಂಕ್ ಕೋಣೆಯಲ್ಲಿ ಬೇರೆ ಎಣ್ಣೆಯಿಲ್ಲ. ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ಕಾಯಬೇಕು. 1:25ರ ಪ್ರಮಾಣವೆಂದರೆ ಲೀಟರಿಗೆ 40 ಮಿಲಿಲೀಟರ್. 1:50 ಎಂದರೆ 20 ಮಿಲಿಲೀಟರ್. ಯಾವ ಯಂತ್ರಕ್ಕೆ ಯಾವ ಪ್ರಮಾಣವೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಯೇ ನಿರ್ಧರಿಸತಕ್ಕದ್ದು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೊಗೆ ಮತ್ತು ಮಸಿ. ಅಷ್ಟೇ ಅಲ್ಲದೆ, ಎಣ್ಣೆಯು ಪೆಟ್ರೋಲಿನ ಜಾಗವನ್ನು ಆಕ್ರಮಿಸುವುದರಿಂದ ಮಿಶ್ರಣವು ತೆಳುವಾಗಿ ಎಂಜಿನ್ ಕಾಯಲೂಬಹುದು. ‘ಒಂದು ಹನಿ ಹೆಚ್ಚಿದ್ದರೆ ಒಳ್ಳೆಯದು’ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ದೋಷವನ್ನು ಅರಸುವ ಬಗೆ

ಎಂಜಿನ್ ಹೊತ್ತಿಕೊಳ್ಳದಿದ್ದಾಗ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು. ಕಿಡಿ ಇದೆಯೇ? ಪೆಟ್ರೋಲ್ ಬರುತ್ತಿದೆಯೇ? ಒತ್ತಡ ನಿಲ್ಲುತ್ತಿದೆಯೇ? ಹೊಗೆ ಹೊರಹೋಗಲು ದಾರಿ ಇದೆಯೇ?

ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ಮುಖವನ್ನು ನೋಡಬೇಕು. ತಿಳಿಗಂದು ಬಣ್ಣವಿದ್ದರೆ ಮಿಶ್ರಣ ಸರಿಯಾಗಿದೆ. ಕಪ್ಪಾಗಿ ತೊಯ್ದಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚಾಗಿದೆ, ಇಲ್ಲವೆ ಕಿಡಿ ದುರ್ಬಲವಾಗಿದೆ. ಬೂದಿಯಂತೆ ಬಿಳುಪೇರಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಅಂಥ ಬಂಡಿಯನ್ನು ಕಾರಣ ತಿಳಿಯುವವರೆಗೆ ಓಡಿಸಬಾರದು. ಪ್ಲಗ್ಗು ತೀರ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲವೆಂದೇ ಅರ್ಥ. ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್ಗಿನ ಲೋಹದ ಭಾಗವನ್ನು ಎಂಜಿನ್ನಿನ ಮೈಗೆ ತಾಗಿಸಿ, ತೆರೆದ ರಂಧ್ರದಿಂದಲೂ ಪೆಟ್ರೋಲಿನಿಂದಲೂ ದೂರವಿಡಬೇಕು.

ಕೆಲವೊಮ್ಮೆ ಬಂಡಿಯು ತಣ್ಣಗಿರುವಾಗ ಚೆನ್ನಾಗಿ ಓಡಿ, ಹತ್ತು ಕಿಲೋಮೀಟರು ಸಾಗಿದ ಬಳಿಕ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ. ಇಂಥಲ್ಲಿ ಅನೇಕರು ಸಿಲಿಂಡರನ್ನೇ ಬಿಚ್ಚಿಸುತ್ತಾರೆ. ಅದಕ್ಕೂ ಮೊದಲು ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಬೇಕು. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಒಳಗೆ ಶೂನ್ಯವೇರ್ಪಟ್ಟು ಪೆಟ್ರೋಲ್ ಇಳಿಯುವುದಿಲ್ಲ. ತೆರೆದೊಡನೆ ಬಂಡಿ ಚೇತರಿಸಿಕೊಂಡರೆ ಒಂದು ಸೂಜಿಯಿಂದ ದುರಸ್ತಿ ಮುಗಿಯಿತು. ಅಲ್ಲದಿದ್ದರೆ, ಬಿಸಿಯೇರಿದಾಗ ಕೈಕೊಡುವ ಕಂಡೆನ್ಸರ್ ಅಥವಾ ಕಾಯಿಲನ್ನು ಪರೀಕ್ಷಿಸಬೇಕು. ಕಾಂಟ್ಯಾಕ್ಟ್ ಬ್ರೇಕರ್ ಬಿಂದುಗಳನ್ನು ಉಜ್ಜಿ, ಅವುಗಳ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಹೊಂದಿಸಬೇಕು.

ಸೀಲುಗಳ ಮಹತ್ವ

ಕ್ರ್ಯಾಂಕ್ ಕೋಣೆಯು ಪಂಪೆಂಬುದನ್ನು ಮೇಲೆ ಹೇಳಿದೆ. ಪಂಪು ಸೋರಿದರೆ ಕೆಲಸ ಕೆಟ್ಟಂತೆಯೇ. ಕ್ರ್ಯಾಂಕ್ ದಂಡದ ಎರಡೂ ತುದಿಗಳಲ್ಲಿ ರಬ್ಬರಿನ ಎಣ್ಣೆ ಸೀಲುಗಳಿರುತ್ತವೆ. ಜಾವಾ ಮತ್ತು ಯೆಜ್ಡಿಗಳಲ್ಲಿ ಎಡಬದಿಯ ಕ್ಲಚ್ ಕಡೆಯ ಸೀಲು ಸವೆದರೆ ಗೇರ್ ಎಣ್ಣೆಯು ಒಳಕ್ಕೆ ಸೆಳೆಯಲ್ಪಟ್ಟು ದಟ್ಟವಾದ ಬಿಳಿ ಹೊಗೆ ಬರುತ್ತದೆ, ಗೇರ್ ಎಣ್ಣೆಯ ಮಟ್ಟ ಇಳಿಯುತ್ತದೆ. ಬಲಬದಿಯ ಡೈನಮೋ ಕಡೆಯ ಸೀಲು ಸವೆದರೆ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಕೈ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದು. ಎರಡೂ ದೋಷಗಳನ್ನು ಕಾರ್ಬ್ಯುರೇಟರಿನ ದೋಷವೆಂದು ಬಗೆದು ಅದರ ತಿರುಪುಗಳನ್ನು ತಿರುವುತ್ತ ಕುಳಿತರೆ ದಿನ ಕಳೆಯುವುದೇ ಹೊರತು ಫಲವಿಲ್ಲ. ವರ್ಷಗಟ್ಟಲೆ ನಿಂತ ಬಂಡಿಯಲ್ಲಿ ಈ ರಬ್ಬರು ಓಡದೆಯೂ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಧೂಳು, ಮಸಿ ಮತ್ತು ಇಂದಿನ ಪೆಟ್ರೋಲ್

ನಮ್ಮ ರಾಯಚೂರು ಜಿಲ್ಲೆಯ ಬೇಸಗೆಯೂ ಎರೆಭೂಮಿಯ ಧೂಳೂ ಈ ಎಂಜಿನ್ನಿಗೆ ವಿಶೇಷ ಪರೀಕ್ಷೆಗಳು. ಒಳಬರುವ ಗಾಳಿಯು ಮೊದಲು ಬೇರಿಂಗುಗಳ ಮೇಲೆಯೇ ಹಾಯುವುದರಿಂದ, ಹರಿದ ಏರ್ ಫಿಲ್ಟರಿನಿಂದ ನುಸುಳಿದ ಧೂಳು ಸಿಲಿಂಡರಿಗಿಂತ ಮುಂಚೆ ಬೇರಿಂಗುಗಳನ್ನು ತಿನ್ನುತ್ತದೆ. ಧೂಳಿನ ದಾರಿಯಲ್ಲಿ ಓಡಾಡುವವರು ಫಿಲ್ಟರನ್ನು ಮೇಲಿಂದ ಮೇಲೆ ಶುಚಿಗೊಳಿಸಬೇಕು. ಅದನ್ನು ತೆಗೆದೆಸೆದು ಓಡಿಸುವುದು ಯಂತ್ರಕ್ಕೆ ಬಗೆಯುವ ದ್ರೋಹ.

ಎಣ್ಣೆ ಉರಿದು ಉಳಿದ ಮಸಿಯು ಹೊಗೆಯ ರಂಧ್ರವನ್ನೂ ಸೈಲೆನ್ಸರಿನ ಒಳಕೊಳವೆಯನ್ನೂ ಕಟ್ಟುತ್ತದೆ. ಬಂಡಿಯ ಬಲ ಕ್ರಮೇಣ ಕುಗ್ಗುತ್ತ ಬಂದರೆ ಮೊದಲ ಅನುಮಾನ ಇದರ ಮೇಲಿರಬೇಕು. ಅಲ್ಯುಮಿನಿಯಮ್ಮಿನ ಪಿಸ್ಟನ್ ಮತ್ತು ತಲೆಯ ಮಸಿಯನ್ನು ಮರದ ಚಕ್ಕೆಯಿಂದ ಕೆರೆಯಬೇಕು. ಉಕ್ಕಿನ ಸ್ಕ್ರೂಡ್ರೈವರನ್ನು ಬಳಸಬಾರದು. ಮರಳಿ ಜೋಡಿಸುವಾಗ ಪ್ರತಿಯೊಂದು ರಿಂಗಿನ ಬಾಯಿಯು ಅದಕ್ಕೆಂದಿರುವ ಮೊಳೆಯ ಮೇಲೆಯೇ ಕೂರಬೇಕು. ತಪ್ಪಿದರೆ ರಿಂಗಿನ ತುದಿಯು ರಂಧ್ರಕ್ಕೆ ಸಿಕ್ಕಿ ಮುರಿಯುತ್ತದೆ.

ಪೆಟ್ರೋಲೂ ಬದಲಾಗಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮಿಶ್ರಣವನ್ನು ತುಸು ತೆಳುವಾಗಿಸುತ್ತದೆ. ಆದ್ದರಿಂದ ಬಂಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದುಮಾಡಿ ಇಡತಕ್ಕದ್ದು. ಹಳೆಯ ಕೊಳವೆಗಳನ್ನು ಎಥನಾಲನ್ನು ತಡೆಯುವ ಹೊಸ ಕೊಳವೆಗಳಿಂದ ಬದಲಿಸಬೇಕು. ಪ್ಲಗ್ಗು ಬಿಳುಪೇರುತ್ತಿದ್ದರೆ ಒಂದು ಅಳತೆ ದೊಡ್ಡದಾದ ಜೆಟ್ ಬೇಕಾದೀತು.

ಉಪಸಂಹಾರ

ಈ ಎಂಜಿನ್ನಿಗೆ ದೋಷಗಳಿಲ್ಲವೆಂದಲ್ಲ. ಹೊಗೆಯನ್ನು ಹೊರದೂಡುವಾಗ ಸುಡದ ಮಿಶ್ರಣದ ಒಂದು ಪಾಲೂ ಹೊರಬೀಳುತ್ತದೆ. ಇಂಧನ ವ್ಯರ್ಥ, ಗಾಳಿ ಮಲಿನ. ಹೊಗೆಯ ನಿಯಮಗಳು ಬಿಗಿಯಾದಂತೆ ಅದು ರಸ್ತೆಯಿಂದ ಹಿಂದೆ ಸರಿದುದು ನ್ಯಾಯವೇ ಆಗಿದೆ. ಆದರೆ ಕಲಿಸುವ ಯಂತ್ರವಾಗಿ ಅದಕ್ಕೆ ಸಮನಾದುದು ವಿರಳ. ಇಂದಿನ ಬಂಡಿಯ ದೋಷವನ್ನು ಗಣಕಯಂತ್ರವು ಹೇಳುತ್ತದೆ. ಇದರ ದೋಷವನ್ನು ಕಣ್ಣು, ಕಿವಿ, ಮೂಗು ಮತ್ತು ಬುದ್ಧಿಗಳೇ ಹೇಳಬೇಕು. ಒತ್ತಡ, ಶೂನ್ಯ, ದಹನ, ವಿದ್ಯುತ್ತು, ಘರ್ಷಣೆ ಇವಿಷ್ಟೂ ಪಾಠಗಳು ಎರಡು ಕೈಗಳಲ್ಲಿ ಎತ್ತಬಹುದಾದ ಒಂದು ವಸ್ತುವಿನಲ್ಲಿ ಅಡಗಿವೆ.

ನಮ್ಮ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮನೆಗಳ ಮೂಲೆಯಲ್ಲಿ ಇಂಥ ಎಂಜಿನ್ ಯಾವುದಾದರೂ ಇದ್ದಲ್ಲಿ, ಅದನ್ನು ಗುಜರಿಗೆ ಹಾಕುವ ಮುನ್ನ ಯಾವುದಾದರೊಂದು ಶಾಲೆಯ ಪ್ರಯೋಗಶಾಲೆಯನ್ನು ನೆನೆಯಬೇಕೆಂದು ಪ್ರಾರ್ಥನೆ. ಉಪಾಧ್ಯಾಯರು ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಬಿಚ್ಚುವ ಮುನ್ನ ಆ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಾಡಿಸಲಿ. ಬಂಡಿಯು ರಸ್ತೆಯಿಂದ ಮರೆಯಾಗಬಹುದು. ಕಾರಣವನ್ನರಿತು ಕೈಹಾಕುವ ಆ ಅಭ್ಯಾಸವು ನಮ್ಮ ಮಕ್ಕಳಿಂದ ಮರೆಯಾಗಬಾರದು.