ಕ್ರಿಯಾಟಿನ್ ಪುಡಿ: ಮೂತ್ರಪಿಂಡಕ್ಕೆ ಎಷ್ಟು ಅಪಾಯ?

ಪ್ರಶ್ನೆ: ಜಿಮ್‌ಗೆ ಹೋಗುವ 24 ವರ್ಷದ ಸಸ್ಯಾಹಾರಿ ಯುವಕ ಕೆಲವು ತಿಂಗಳಿಂದ ಕ್ರಿಯಾಟಿನ್ ಪುಡಿ ಸೇವಿಸುತ್ತಿದ್ದು, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4 ಎಂದು ಬಂದಿದೆ. ಇದು ಮೂತ್ರಪಿಂಡ ಕೆಡುತ್ತಿರುವುದರ ಸೂಚನೆಯೇ?

ಉತ್ತರ: ಈ ಒಂದೇ ಸಂಖ್ಯೆಯಿಂದ ಹಾಗೆ ತೀರ್ಮಾನಿಸಲಾಗದು. ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ 1832ರಲ್ಲಿ ಮಾಂಸದಲ್ಲಿ ಗುರುತಿಸಿದ ಕ್ರಿಯಾಟಿನ್ ದೇಹಕ್ಕೆ ಅಪರಿಚಿತವಾದ ವಸ್ತುವಲ್ಲ. ಯಕೃತ್ತು, ಮೂತ್ರಪಿಂಡ ಮತ್ತು ಮೇದೋಜೀರಕ ಗ್ರಂಥಿ ಮೂರು ಅಮೈನೋ ಆಮ್ಲಗಳನ್ನು ಬಳಸಿ ಅದನ್ನು ದಿನವೂ ತಯಾರಿಸುತ್ತವೆ, ಮಾಂಸ ಮತ್ತು ಮೀನಿನಿಂದಲೂ ಅದು ದೊರೆಯುತ್ತದೆ, ಹಾಗೂ ದೇಹದಲ್ಲಿರುವ ಕ್ರಿಯಾಟಿನ್‌ನ ಶೇ 95ರಷ್ಟು ಸ್ನಾಯುಗಳಲ್ಲೇ ಇರುತ್ತದೆ. ಭಾರ ಎತ್ತುವಾಗ ಅಥವಾ ಬಿರುಸಾಗಿ ಓಡುವಾಗ ಎಟಿಪಿ ಎಂಬ ಶಕ್ತಿದ್ರವ್ಯ ಕೆಲವೇ ಕ್ಷಣಗಳಲ್ಲಿ ಖರ್ಚಾಗುವುದರಿಂದ, ಅದನ್ನು ಒಡನೆಯೇ ಮರಳಿ ತುಂಬಿಕೊಡುವುದು ಸ್ನಾಯುವಿನಲ್ಲಿ ಫಾಸ್ಫೇಟ್ ಜೊತೆ ಕೂಡಿಕೊಂಡಿರುವ ಈ ಕ್ರಿಯಾಟಿನ್‌ನ ಕೆಲಸ.

ಸ್ನಾಯುವಿನ ಕ್ರಿಯಾಟಿನ್‌ನಲ್ಲಿ ಅಲ್ಪ ಭಾಗ ಪ್ರತಿದಿನ ತಾನಾಗಿಯೇ ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ಮಾರ್ಪಟ್ಟು, ರಕ್ತದ ಮೂಲಕ ಮೂತ್ರಪಿಂಡವನ್ನು ತಲುಪಿ ಹೊರಹೋಗುತ್ತದೆ. ಮೂತ್ರಪಿಂಡ ಸೋತರೆ ಈ ತ್ಯಾಜ್ಯ ರಕ್ತದಲ್ಲಿ ಉಳಿದುಕೊಳ್ಳುತ್ತದೆ ಎಂಬುದೇ ಪರೀಕ್ಷೆಯ ಆಧಾರವಾದರೂ, ಪುಡಿಯ ಸೇವನೆಯಿಂದಲೋ ತುಂಬಿಕೊಂಡ ಸ್ನಾಯುಗಳಿಂದಲೋ ತ್ಯಾಜ್ಯದ ಉತ್ಪಾದನೆಯೇ ಹೆಚ್ಚಿದಾಗ, ಮೂತ್ರಪಿಂಡ ನೆಟ್ಟಗಿದ್ದರೂ ಸಂಖ್ಯೆ ಏರಬಲ್ಲದು. ವರದಿಯಲ್ಲಿ ಕಾಣುವ ಇಜಿಎಫ್‌ಆರ್, ಅಂದರೆ ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು, ಸಾಮಾನ್ಯವಾಗಿ ಇದೇ ಸಂಖ್ಯೆಯಿಂದ ಲೆಕ್ಕ ಹಾಕಿದ್ದಾದ್ದರಿಂದ ಅದೂ ಕುಸಿದಂತೆ ತೋರುತ್ತದೆ. ಪುಡಿಯನ್ನು ಕೆಲವು ವಾರ ನಿಲ್ಲಿಸಿ ಮರುಪರೀಕ್ಷೆ ಮಾಡಿಸುವುದು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವುದು, ಕ್ರಿಯಾಟಿನ್ ಸೇವನೆ ಬಾಧಿಸದ ಸಿಸ್ಟಾಟಿನ್ ಸಿ ಪರೀಕ್ಷೆಯ ನೆರವು ಪಡೆಯುವುದು ಸರಿಯಾದ ದಾರಿ. ಇವು ಸಹಜವಾಗಿದ್ದರೆ ಗಾಬರಿಗೆ ಕಾರಣವಿಲ್ಲ. ಇವುಗಳಲ್ಲೂ ದೋಷ ಕಂಡರೆ ಅದನ್ನು ಪುಡಿಯ ಲೆಕ್ಕಕ್ಕೆ ಬರೆದು ಸುಮ್ಮನಿರುವುದು ತಪ್ಪು.

ಈ ಭಯಕ್ಕೆ ಒಂದು ಹಿನ್ನೆಲೆಯಿದೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಸತ್ತಾಗ ಮೊದಲು ಅನುಮಾನಕ್ಕೆ ಗುರಿಯಾದದ್ದು ಕ್ರಿಯಾಟಿನ್. ಆದರೆ ತೂಕ ಇಳಿಸಲೆಂದು ಬೆವರು ಹರಿಸಿ ದೇಹವನ್ನು ನಿರ್ಜಲಗೊಳಿಸಿಕೊಂಡದ್ದೇ ಕಾರಣವೆಂದು ತನಿಖೆಯಿಂದ ತಿಳಿಯಿತು. ಕ್ರಿಯಾಟಿನ್ ಸೇವನೆಯಿಂದ ಮೂತ್ರಪಿಂಡದ ಕೆಲಸ ಕುಗ್ಗಿತೆಂದು 1998ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಪ್ರಕರಣದ ಯುವಕನಿಗೆ ಮೂತ್ರಪಿಂಡದ ಕಾಯಿಲೆ ಮೊದಲೇ ಇತ್ತು. ಆರೋಗ್ಯವಂತ ವಯಸ್ಕರು ಶಿಫಾರಸಿನ ಪ್ರಮಾಣದಲ್ಲಿ ಸೇವಿಸಿದಾಗ ಮೂತ್ರಪಿಂಡಕ್ಕೆ ಹಾನಿಯಾದದ್ದನ್ನು ಆ ಬಳಿಕದ ಅಧ್ಯಯನಗಳು ಕಂಡಿಲ್ಲ.

ಪ್ರಶ್ನೆ: ಬೇರೆ ಅಡ್ಡಪರಿಣಾಮಗಳಿವೆಯೇ? ಕೂದಲು ಉದುರುತ್ತದೆ ಎಂಬುದು ನಿಜವೇ?

ಉತ್ತರ: ಸಾಮಾನ್ಯವಾಗಿ ಕಾಣುವುದು ಒಂದೆರಡು ಕಿಲೋ ತೂಕದ ಏರಿಕೆ, ಇದು ಕೊಬ್ಬಲ್ಲ, ಬಹುಮಟ್ಟಿಗೆ ಕ್ರಿಯಾಟಿನ್ ಜೊತೆ ಸ್ನಾಯುಕೋಶಕ್ಕೆ ಸೇರಿದ ನೀರು. ಒಮ್ಮೆಲೇ 10 ಗ್ರಾಂ ನುಂಗಿದರೆ ಕೆಲವರಿಗೆ ಭೇದಿಯಾಗುತ್ತದೆ. ತರಬೇತುದಾರರು ಹೇಳಿಕೊಡುವ ‘ಲೋಡಿಂಗ್’, ಅಂದರೆ ಆರಂಭದ ಐದಾರು ದಿನ ನಿತ್ಯ 20 ಗ್ರಾಂ ಸೇವಿಸುವ ಪದ್ಧತಿ, ಅನಿವಾರ್ಯವೇನಲ್ಲ; ದಿನಕ್ಕೆ 3 ಗ್ರಾಂನಂತೆ 28 ದಿನ ಸೇವಿಸಿದರೂ ಸ್ನಾಯು ಅಷ್ಟೇ ತುಂಬಿಕೊಳ್ಳುತ್ತದೆ ಎಂದು 1996ರ ಅಧ್ಯಯನವೇ ತೋರಿಸಿದೆ. ಆಹಾರದಿಂದ ಕ್ರಿಯಾಟಿನ್ ಬಹುತೇಕ ಸಿಗದ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದರ ಸಂಗ್ರಹ ಕಡಿಮೆಯಿರುವುದರಿಂದ ಅವರಲ್ಲಿ ಪರಿಣಾಮ ಹೆಚ್ಚು ಕಾಣಬಹುದು. ದುಬಾರಿ ಬೆಲೆಯ ಹೊಸ ರೂಪಗಳು ಸಾಧಾರಣ ಮೊನೊಹೈಡ್ರೇಟ್‌ಗಿಂತ ಮೇಲೆಂಬುದಕ್ಕೆ ಆಧಾರವಿಲ್ಲ.

ಕೂದಲಿನ ಮಾತು ಹರಡಿದ್ದು 2009ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲೆ ನಡೆದ ಮೂರು ವಾರಗಳ ಒಂದು ಸಣ್ಣ ಅಧ್ಯಯನದಿಂದ. ಬೋಳುತನದೊಂದಿಗೆ ನಂಟಿರುವ ಡಿಎಚ್‌ಟಿ ಹಾರ್ಮೋನ್ ಅವರಲ್ಲಿ ಏರಿದ್ದು ನಿಜವಾದರೂ, ಕೂದಲು ಉದುರಿತೇ ಎಂಬುದನ್ನು ಅಲ್ಲಿ ಅಳೆದಿರಲೇ ಇಲ್ಲ.

ಪ್ರಶ್ನೆ: ಯಾರು ಇದನ್ನು ಸೇವಿಸಬಾರದು?

ಉತ್ತರ: ಮೂತ್ರಪಿಂಡದ ಕಾಯಿಲೆ ಇರುವವರು ಸೇವಿಸಬಾರದು, ಒಂದೇ ಮೂತ್ರಪಿಂಡ ಇರುವವರು, ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಐಬುಪ್ರೊಫೇನ್‌ನಂಥ ನೋವುನಿವಾರಕಗಳನ್ನು ಪದೇಪದೇ ನುಂಗುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಗರ್ಭಿಣಿಯರಿಗೂ 18 ವರ್ಷದೊಳಗಿನವರಿಗೂ ಸುರಕ್ಷತೆಯ ಪುರಾವೆ ಸಾಲದು. ಕ್ರಿಯಾಟಿನ್‌ಗಿಂತ ಹೆಚ್ಚು ಅಂಜಬೇಕಾದದ್ದು ಡಬ್ಬಿಯಲ್ಲಿ ಹೆಸರಿಲ್ಲದೆ ಬೆರೆತಿರಬಹುದಾದ ಸ್ಟೆರಾಯ್ಡ್ ಮತ್ತು ಉತ್ತೇಜಕಗಳಿಗೆ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯಿಲ್ಲದ, ಬಿಡಿಯಾಗಿ ತೂಗಿ ಕೊಡುವ ಪುಡಿಯನ್ನು ಕೊಳ್ಳದಿರುವುದೇ ಲೇಸು. ಪುಡಿ ಸೇವಿಸುವವರು ಮುಂದಿನ ಬಾರಿ ರಕ್ತಪರೀಕ್ಷೆಗೆ ಹೋದಾಗ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.