ಕೋಟಿ ವೈರಸ್ಸುಗಳ ನಂಟನ್ನು ಅಳೆಯುವುದು ಹೇಗೆ?

ಕೋವಿಡ್ ರೋಗವನ್ನು ತರುವ ವೈರಸ್ಸಿನ ಆನುವಂಶಿಕ ಬರಹವು ಸುಮಾರು 30,000 ಅಕ್ಷರಗಳಷ್ಟು ಉದ್ದವಾದುದು. ಅದರ ವರ್ಣಮಾಲೆಯಲ್ಲಿರುವುದಾದರೋ ನಾಲ್ಕೇ ಅಕ್ಷರಗಳು. ಇಂತಹ ಎರಡು ಬರಹಗಳನ್ನು ಹೋಲಿಸುವ ಕ್ರಮವೊಂದನ್ನು 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್ ಎಂಬುವರು ತೋರಿಸಿಕೊಟ್ಟರು. ಒಂದು ಬರಹವನ್ನು ಅಡ್ಡಲಾಗಿಯೂ ಇನ್ನೊಂದನ್ನು ಲಂಬವಾಗಿಯೂ ಇರಿಸಿ, ನಡುವಣ ಚೌಕಗಳನ್ನೆಲ್ಲ ಲೆಕ್ಕಹಾಕಿ ತುಂಬಬೇಕು. ಇಲ್ಲಿ ಆ ಚೌಕಗಳು 90 ಕೋಟಿ! ಒಂದು ಜೋಡಿಯಾದರೆ ಗಣಕಯಂತ್ರಕ್ಕೆ ಅದೇನೂ ಹೊರೆಯಲ್ಲ. ಆದರೆ 2020ರ ನಂತರ ಮೂರು ವರ್ಷಗಳೊಳಗೆ ಈ ವೈರಸ್ಸಿನ ಒಂದು ಕೋಟಿಗೂ ಹೆಚ್ಚು ಬರಹಗಳು ಸಂಗ್ರಹವಾದುವು. ಒಂದು ಕೋಟಿಯಿಂದ ಆಗುವ ಜೋಡಿಗಳು 50 ಲಕ್ಷ ಕೋಟಿ. ಜೋಡಿಗೆ ಒಂದು ಸೆಕೆಂಡು ಹಿಡಿದರೂ 15 ಲಕ್ಷ ವರ್ಷಗಳು ಸಾಲವು.

ಒಂದು ಒಳದಾರಿ ದೊರೆತುದು ಜೀವವಿಜ್ಞಾನದ ಹೊರಗಿನಿಂದ. ಅಂತರಜಾಲದಲ್ಲಿ ಒಂದನ್ನೊಂದು ಹೋಲುವ ಪುಟಗಳನ್ನು ಪತ್ತೆಹಚ್ಚಲು ಆಂಡ್ರೆ ಬ್ರೋಡರ್ 1997ರಲ್ಲಿ ಪ್ರಕಟಿಸಿದ ಉಪಾಯವನ್ನೇ 2016ರ 'ಮ್ಯಾಶ್' ಎಂಬ ಸಾಧನವು ಬಳಸಿಕೊಂಡಿತು. ಬರಹವನ್ನು 1ರಿಂದ 21, 2ರಿಂದ 22, ಹೀಗೆ 21 ಅಕ್ಷರಗಳ ತುಣುಕುಗಳಾಗಿ ಓದಿ, ಪ್ರತಿಯೊಂದನ್ನೂ ನಿಶ್ಚಿತ ಸೂತ್ರದಿಂದ ಒಂದು ಸಂಖ್ಯೆಯಾಗಿ ಮಾರ್ಪಡಿಸಿ, ಅತಿ ಚಿಕ್ಕವಾದ ಸಾವಿರ ಸಂಖ್ಯೆಗಳನ್ನು ಮಾತ್ರ ಉಳಿಸಿಕೊಳ್ಳುವುದು. ಅವುಗಳಲ್ಲಿ ಎಷ್ಟು ಸಮಾನವೆಂದು ನೋಡಿ ನಂಟನ್ನು ಅಂದಾಜು ಮಾಡುವುದು. ಕಣ್ಮುಚ್ಚಿ ಸಾವಿರ ತುಣುಕುಗಳನ್ನು ಎತ್ತಿಕೊಂಡರೆ ಸಾಲದೇ? ಸಾಲದು. ಇಲ್ಲಿ ಎತ್ತಿದುದನ್ನೇ ಅಲ್ಲಿಯೂ ಎತ್ತುವೆವೆಂಬ ಭರವಸೆಯಿಲ್ಲ. ಸೂತ್ರವು ಒಂದೇ ಆದಾಗ, ಎರಡರಲ್ಲಿಯೂ ಇರುವ ತುಣುಕು ಒಂದು ಕಡೆ ಆಯ್ಕೆಯಾದರೆ ಇನ್ನೊಂದು ಕಡೆಯೂ ಪ್ರಾಯಶಃ ಆಯ್ಕೆಯಾಗುತ್ತದೆ. ಉಪಾಯದ ಜೀವಾಳವೇ ಇದು.

ಅಪರಿಚಿತ ವೈರಸ್ಸು ಯಾವ ಬಳಗಕ್ಕೆ ಸೇರಿದುದೆಂದು ತಿಳಿಯಲು ಇದು ಸೊಗಸಾದ ಸಾಧನ. ಸೋಂಕು ಯಾರಿಂದ ಯಾರಿಗೆ ಹರಡಿತೆಂದು ಅರಿಯುವುದಕ್ಕೆ ಮಾತ್ರ ಸಾಲದು. ಏಕೆಂದರೆ ಒಂದು ಅಕ್ಷರ ಬದಲಾದರೆ ಕೆಡುವ ತುಣುಕುಗಳು 30,000ದಲ್ಲಿ 21 ಮಾತ್ರ. ಸಾವಿರದ ಮಾದರಿಯಲ್ಲಿ ಸರಾಸರಿ ಒಂದೂ ಇಲ್ಲ. ರೋಗದ ಜಾಡು ಹಿಡಿಯುವವರಿಗೆ ಬೇಕಾದುದು ಆ ಒಂದು ಅಕ್ಷರವೇ.

2021ರಲ್ಲಿ ಪ್ರಕಟವಾದ 'ಅಷರ್' ಬೇರೆ ದಾರಿ ಹಿಡಿಯಿತು. ಅದು ಬರಹಗಳನ್ನು ಇಡಿಯಾಗಿ ಇಟ್ಟುಕೊಳ್ಳದೆ, ಒಂದು ಮೂಲಪ್ರತಿಯಿಂದಾದ ವ್ಯತ್ಯಾಸಗಳನ್ನು ವಂಶವೃಕ್ಷದ ಕೊಂಬೆಗಳ ಮೇಲೆ ಗುರುತಿಸುತ್ತದೆ. ಒಂದು ಕೊಂಬೆಯಲ್ಲಿ ಬರೆದ ಬದಲಾವಣೆ ಅದರಿಂದ ಕವಲೊಡೆದ ಸಾವಿರಾರು ಸಂತತಿಗೂ ಸಲ್ಲುತ್ತದೆ. ಹೊಸದೊಂದು ಬಂದಾಗ, ಅತಿ ಕಡಿಮೆ ಹೊಸ ಬದಲಾವಣೆಗಳಿಂದ ಅದು ಹೊಂದಿಕೊಳ್ಳುವ ತಾಣವನ್ನು ಹುಡುಕಿ ಕೂಡಿಸುತ್ತದೆ. ನಾಟಕಶಾಲೆಯಲ್ಲಿ ಆಸನ ತೋರಿಸುವವನ ಹೆಸರು ಇದಕ್ಕೆ ಅನ್ವರ್ಥವೇ ಸರಿ.

ಒಂದು ಅಕ್ಷರಕ್ಕೆ ಇಷ್ಟು ಬೆಲೆಯಿರುವಾಗ ಓದುವ ತಪ್ಪಿಗೂ ಅಷ್ಟೇ ಬೆಲೆ. ಒಂದು ಪ್ರಯೋಗಶಾಲೆಯು ಅನೇಕ ಮಾದರಿಗಳಲ್ಲಿ ಒಂದೇ ಸ್ಥಾನವನ್ನು ತಪ್ಪಾಗಿ ಓದಿದರೆ, ನಂಟಿಲ್ಲದ ವೈರಸ್ಸುಗಳು ಒಂದೇ ಕೊಂಬೆಯಲ್ಲಿ ಒಡಹುಟ್ಟಿದವುಗಳಂತೆ ಕುಳಿತುಬಿಡುತ್ತವೆ. ಅಂತಹ ಸಂಶಯಾಸ್ಪದ ಸ್ಥಾನಗಳನ್ನು ಮುಂಚೆಯೇ ಪಟ್ಟಿಮಾಡಿ ಲೆಕ್ಕದಿಂದ ಕೈಬಿಡುವ ಪದ್ಧತಿಯುಂಟು.