ಔಷಧಿ ಹೊಡೆಯೋ ಪಂಪ್ ಕೈಕೊಟ್ಟರೆ, ಸ್ಕ್ರೂ ಮುಟ್ಟುವ ಮೊದಲು ಪ್ಲಗ್ ಬಿಚ್ಚಿ ನೋಡಿ

ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ, ಹೊಳಲ್ಕೆರೆ ಕಡೆ ಅಡಿಕೆ. ಬೆಳೆ ಯಾವುದೇ ಇರಲಿ, ಮಳೆ ಬಿಡುವು ಕೊಟ್ಟಾಗಲೇ ಔಷಧಿ ಹೊಡೆದು ಮುಗಿಸಬೇಕು. ಬೋರ್ಡೋ ದ್ರಾವಣವನ್ನಂತೂ ಕಲಸಿದ ದಿನವೇ ಬಳಸಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬರಲ್ಲ. ಅಂಥ ಹೊತ್ತಲ್ಲೇ ಹಳೇ ಟೂ ಸ್ಟ್ರೋಕ್ ಪಂಪ್ ನಿಂತುಬಿಡುತ್ತೆ. ಹಗ್ಗ ಎಳೆದೂ ಎಳೆದೂ ರಟ್ಟೆ ಸೋತ ಮೇಲೆ ನಾವು ಕಾರ್ಬುರೇಟರ್ ಸ್ಕ್ರೂ ತಿರುಗಿಸೋಕೆ ಶುರು ಮಾಡ್ತೀವಿ.

ಅದೊಂದು ಮಾಡಬೇಡಿ. ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಯಲ್ಲೇ. ಸ್ಕ್ರೂ ತಪ್ಪಾಗಿ ಬಿಗಿದು ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಗಿ, ಪಿಸ್ಟನ್ ಕಾದು ಜಾಮ್ ಆಗುತ್ತದೆ. ಆಮೇಲೆ ಸಾವಿರಾರು ರೂಪಾಯಿ ಖರ್ಚು.

ಪ್ಲಗ್ ಏನು ಹೇಳುತ್ತದೆ?

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ತುದಿ ನೋಡಿ.

- ಕಂದು ಬಣ್ಣ: ಎಲ್ಲ ಸರಿ ಇದೆ.
- ಕಪ್ಪು, ಒದ್ದೆ: ಏರ್ ಫಿಲ್ಟರ್ ಕಟ್ಟಿದೆ, ಆಯಿಲ್ ಜಾಸ್ತಿಯಾಗಿದೆ ಅಥವಾ ಚೋಕ್ ಹಾಕಿಯೇ ಓಡಿಸಿದ್ದೀರಿ.
- ಬಿಳಿ: ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರಣ ಸಿಗುವವರೆಗೆ ಓಡಿಸಬೇಡಿ.
- ಪೂರ್ತಿ ಒಣಗಿದೆ, ಎಂಜಿನ್ ಸ್ಟಾರ್ಟೇ ಆಗಲ್ಲ: ಪೆಟ್ರೋಲ್ ಒಳಗೆ ಬರುತ್ತಿಲ್ಲ.

ಲಕ್ಷಣ ನೋಡಿ ಕಾರಣ ಹುಡುಕಿ

1. ಚೋಕ್ ಹಾಕಿದರೆ ಓಡುತ್ತೆ, ತೆಗೆದರೆ ನಿಲ್ಲುತ್ತೆ: ಟ್ಯಾಂಕ್ ಒಳಗಿನ ಫಿಲ್ಟರ್, ಕಾರ್ಬುರೇಟರ್ ಜೆಟ್ ಸ್ವಚ್ಛ ಮಾಡಿ. ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದ್ದರೆ ಬದಲಿಸಿ.
2. ಐದು ನಿಮಿಷ ಓಡಿ ನಿಲ್ಲುತ್ತೆ: ಟ್ಯಾಂಕ್ ಮುಚ್ಚಳ ಸ್ವಲ್ಪ ಸಡಿಲಿಸಿ. ಆಗ ಸರಿ ಹೋದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ. ಪರೀಕ್ಷೆಗಷ್ಟೇ ಸಡಿಲಿಸಿ. ತೂತು ಸ್ವಚ್ಛ ಮಾಡಿ ಮತ್ತೆ ಬಿಗಿ ಮಾಡಿ.
3. ರೇಸ್ ಏರಲ್ಲ, ಪ್ರೆಶರ್ ಇಲ್ಲ: ಮೊದಲು ಏರ್ ಫಿಲ್ಟರ್, ಆಮೇಲೆ ಸೈಲೆನ್ಸರ್ ಬಿಚ್ಚಿ ಮಸಿ ತೆಗೆಯಿರಿ. ಕಬ್ಬಿಣ ಬೇಡ, ಮರದ ಕಡ್ಡಿ ಬಳಸಿ, ಇಲ್ಲದಿದ್ದರೆ ಪಿಸ್ಟನ್‌ಗೆ ಗೀರು ಬೀಳುತ್ತದೆ.
4. ಬಿಸಿಯಾದ ಮೇಲೆ ನಿಂತು, ತಣ್ಣಗಾದರೆ ಮಾತ್ರ ಸ್ಟಾರ್ಟ್ ಆಗುತ್ತೆ: ಇಗ್ನಿಷನ್ ಕಾಯಿಲ್ ಮೇಲೆ ಅನುಮಾನಪಡಿ. ಇದು ಮೆಕ್ಯಾನಿಕ್ ಕೆಲಸ.
5. ಹಗ್ಗ ಎಳೆದರೆ ಬಿಗಿಯೇ ಇಲ್ಲ: ಪಿಸ್ಟನ್ ರಿಂಗ್ ಸವೆದಿರಬಹುದು. ಇದೂ ಮೆಕ್ಯಾನಿಕ್‌ಗೇ ಬಿಡಿ.

ಕಿಡಿ ಪರೀಕ್ಷೆ ಮಾಡುವುದಾದರೆ ಚೆಲ್ಲಿದ ಪೆಟ್ರೋಲ್ ಮೊದಲು ಒರೆಸಿ, ಕ್ಯಾನ್ ದೂರ ಇಡಿ. ಪ್ಲಗ್ ಅನ್ನು ಬರಿಗೈಯಲ್ಲಿ ಹಿಡಿಯಬೇಡಿ.

ಆಯಿಲ್ ಅಳತೆ

ಕಣ್ಣಂದಾಜು ಬೇಡ. ಪುಸ್ತಕದಲ್ಲಿ 25:1 ಅಂತಿದ್ದರೆ ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. ಆಯಿಲ್, 50:1 ಅಂತಿದ್ದರೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಮಾತ್ರ ಹಾಕಿ, ಟ್ರ್ಯಾಕ್ಟರ್ ಎಂಜಿನ್ ಆಯಿಲ್ ಬೇಡ. ಬೇರೆ ಕ್ಯಾನ್‌ನಲ್ಲಿ ಚೆನ್ನಾಗಿ ಕುಲುಕಿ, ಆಮೇಲೆ ಟ್ಯಾಂಕ್‌ಗೆ ಸುರಿಯಿರಿ.

ಕೆಲಸ ಮುಗಿದ ಮೇಲೆ

ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲೇ ಬಿಟ್ಟರೆ ಜೆಟ್‌ನಲ್ಲಿ ಅಂಟು ಕಟ್ಟುತ್ತದೆ, ಹಳೇ ರಬ್ಬರ್ ಪೈಪ್ ಹಾಳಾಗುತ್ತದೆ. ಸೀಸನ್ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಮುಂದಿನ ಸಲ ಔಷಧಿ ಕಲಸುವ ಮೊದಲು ಹತ್ತು ನಿಮಿಷ ಬರೀ ನೀರು ಹಾಕಿ ಪಂಪ್ ಓಡಿಸಿ ನೋಡಿ. ಪಂಪ್ ಸರಿ ಇದ್ದರೆ ಮಾತ್ರ ಮೈಲುತುತ್ತ ನೆನೆಹಾಕಿ.